ಎರೆಭೂಮಿಯ ದಾರಿಯಲ್ಲಿ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಸಾಗುವ ದಾರಿ ನಮಗೆ ಬಹುಕಾಲದಿಂದ ಪರಿಚಿತವಾದುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಬತ್ತದ ಗದ್ದೆಗಳು, ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಸ್ಪಷ್ಟಪಡಿಸಿದ, ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ, ಲಿಂಗಸುಗೂರು ಸೀಮೆಯ ಹಟ್ಟಿ ಚಿನ್ನದ ಗಣಿ—ಇವೆಲ್ಲ ಈ ಭಾಗದ ಹಿರಿಮೆ. ಇವುಗಳ ನಡುವೆ ಅಲ್ಲಲ್ಲಿ ಹರಡಿದ ಎರೆಭೂಮಿಯು ಬೇಸಗೆಯಲ್ಲಿ ಬಿರಿಯುತ್ತದೆ. ಮಳೆ ಬಿದ್ದೊಡನೆ ನೀರು ಹೀರಿ ಉಬ್ಬಿ, ಅಂಟಿನಂತೆ ಗಾಲಿಗಳನ್ನು ಹಿಡಿಯುತ್ತದೆ.

ಕೆಲವು ವರ್ಷಗಳ ಹಿಂದೆ ಹಿಂಗಾರಿನ ಒಂದು ಸಂಜೆ, ಬಂಧುಗಳ ಮದುವೆಗೆಂದು ಮಸ್ಕಿ ದಾಟಿ, ಹೆದ್ದಾರಿ ಬಿಟ್ಟು ಹೊಲದ ದಾರಿ ಹಿಡಿದೆವು. ಜೀಪಿನಲ್ಲಿ ಹೆಣ್ಣುಮಕ್ಕಳೂ ಎರಡು ಕೂಸುಗಳೂ ಇದ್ದರು. ಗಾಲಿ ಹೂತಾಗ, ಜೋರಾಗಿ ನಡೆಸೆಂದು ಚಾಲಕನನ್ನು ಅವಸರಪಡಿಸಿದವರು ನಾವೇ. ಜೀಪು ಅಚ್ಚಿನವರೆಗೆ ಇಳಿಯಿತು.

“ಗಾಲಿ ತಿರುವಿದಷ್ಟೂ ಎರಿ ನುಂಗ್ತೈತ್ರೀ ಗುರುಗಳೇ, ಸ್ವಲ್ಪ ತಡೀರಿ” ಎನ್ನುತ್ತ ವೃದ್ಧ ರೈತರೊಬ್ಬರು ಬಂದರು. ಎಲ್ಲರನ್ನೂ ಇಳಿಸಿದರು. ಗಾಲಿಗಳ ಮುಂದಿನ ರಾಡಿಯನ್ನು ಸಲಿಕೆಯಿಂದ ತೆಗೆದು, ಜೋಳದ ಕಣಿಕೆ, ಗೋಣಿಚೀಲ ಹಾಸಿ, ಮೆಲ್ಲನೆ ನಡೆಸೆಂದರು. ಒಂದು ತಾಸಿನಲ್ಲಿ ಜೀಪು ಗಟ್ಟಿ ನೆಲ ಸೇರಿತು.

ಮುಂದೆ ಹಳ್ಳ. ಕಿರುಸೇತುವೆಯ ಮೇಲೆ ಮೊಣಕಾಲಿಗಿಂತ ಕೆಳಗೇ ಕೆನ್ನೀರು ಹರಿಯುತ್ತಿತ್ತು. ದಾಟಬಹುದೆಂದು ನಮಗನಿಸಿತು; ಆ ಹಿರಿಯರು ಒಪ್ಪಲಿಲ್ಲ. ರಾತ್ರಿ ಅವರ ಮನೆಯಲ್ಲೇ ರೊಟ್ಟಿ ಉಂಡು ಮಲಗಿದೆವು. ಬೆಳಗ್ಗೆ ನೀರಿಳಿದಾಗ ನೋಡಿದರೆ, ಸೇತುವೆಯ ಒಂದು ಬದಿ ಕೊಚ್ಚಿಹೋಗಿತ್ತು. ಮದುವೆಯ ಮುಹೂರ್ತಕ್ಕೆ ನಾವು ತಲುಪಲಿಲ್ಲ.

ಹಿಮ ಬೀಳುವ ದೇಶಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೆ ಅಲ್ಲಿಯವರು, ವಾಹನ ಹಿಮದಲ್ಲಿ ಸಿಲುಕಿದರೆ ಅದನ್ನು ಬಿಟ್ಟು ನಡೆಯಬೇಡಿರೆಂದೂ, ಹೊಗೆಕೊಳವೆ ಮುಚ್ಚಿದರೆ ವಿಷಾನಿಲ ಒಳಸೇರುವುದೆಂದೂ ಎಚ್ಚರಿಸುತ್ತಾರೆ. ನಮ್ಮ ರಾಡಿಯಲ್ಲಿಯೂ ಕೊಳವೆ ಹೂತಿದ್ದರೆ ಎಂಜಿನ್ ಆರಿಸುವುದು ಲೇಸು. ಆದರೆ ಹಳ್ಳದ ರೀತಿಯೇ ಬೇರೆ. ರಭಸದಿಂದ ಹರಿಯುವ ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡಡಿ ನೀರು ಬಹುತೇಕ ವಾಹನಗಳನ್ನು ಒಯ್ಯಬಲ್ಲದು. ಆದುದರಿಂದ ಹರಿಯುವ ನೀರಿಗೆ ಇಳಿಯಲೇಬಾರದು. ಸಿಲುಕಿ ನೀರು ಏರತೊಡಗಿದರೆ ಸಾಮಾನಿನ ಆಸೆ ಬಿಟ್ಟು, ಗಾಜಿಳಿಸಿ, ಮಕ್ಕಳೊಡನೆ ಎತ್ತರದ ನೆಲ ಸೇರಬೇಕು. ಸೆಳೆತ ಬಲವಾಗಿದ್ದರೆ ವಾಹನದ ಮೇಲೇರಿ ಕುಳಿತು ೧೧೨ಕ್ಕೆ ಕರೆ ಮಾಡಬೇಕು.

ಅರವತ್ತು ದಾಟಿದ ನಮಗೆ, ಗ್ರಂಥಗಳು ಕಲಿಸಿದ್ದ ತಾಳ್ಮೆಯನ್ನು ಆಚರಣೆಯಲ್ಲಿ ತೋರಿಸಿದವರು ಆ ರೈತರು. ಈಗ ಆ ಕಡೆ ಹೊರಟಾಗಲೆಲ್ಲ ಜೀಪಿನಲ್ಲಿ ಒಂದು ಸಲಿಕೆ, ಎರಡು ಗೋಣಿಚೀಲ, ಒಂದು ಕೊಡ ಕುಡಿಯುವ ನೀರು ಇದ್ದೇ ಇರುತ್ತವೆ.