ಅಮ್ಮಿಗಾಗಿ ಒಂದು ಸೌಂಡ್ ಸೆಟ್

ಫಜ್ರ್ ನಮಾಝ್ ಮುಗಿಸಿ ಕುರ್‌ಆನ್ ತೆರೆದು ಕುಳಿತುಕೊಳ್ಳುವುದು ಅಮ್ಮಿಯ ಅರುವತ್ತು ವರ್ಷಗಳ ರೂಢಿ. ಎರಡು ವರ್ಷಗಳ ಹಿಂದೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಆ ರೂಢಿಯನ್ನು ಕಸಿದುಕೊಂಡಿತು. ನೋಟ ಸುತ್ತಲಿನಿಂದ ಕಿರಿದಾಗುತ್ತಾ ಬಂದು ಕೊನೆಗೆ ಪುಟವೇ ಕಾಣದಾಯಿತು. ಬಾಯಿಪಾಠವಿರುವ ಸೂರಃಗಳನ್ನು ತಾವೇ ಓದಿಕೊಳ್ಳುತ್ತಾರೆ. ಉಳಿದದ್ದಕ್ಕೆಲ್ಲ ಕೇಳುವುದೊಂದೇ ದಾರಿ.

ನನ್ನ ಮಗ ದಾದಿಗಾಗಿ ಒಂದು ಬ್ಲೂಟೂತ್ ಸ್ಪೀಕರ್ ತಂದುಕೊಟ್ಟ. ಮೊದಲ ದಿನ ಅಮ್ಮಿ ಅವನನ್ನು ಹರಸಿದರು. ವಾರ ಕಳೆಯುವಷ್ಟರಲ್ಲಿ ಅದನ್ನು ಹಚ್ಚಲು ಹೇಳುವುದನ್ನೇ ಬಿಟ್ಟರು. ಕೇಳಿದರೆ, "ಆವಾಜ್ ಬರುತ್ತೆ ಬೇಟಾ, ಹರ್ಫ್ ಬರಲ್ಲ" ಎಂದರು. ಮಗ ಆವಾಜ್ ಏರಿಸಿದ. ಅಮ್ಮಿ ಕಿವಿಯ ಮೇಲೆ ಕೈ ಇಟ್ಟುಕೊಂಡರು.

ಮದ್ರಸಾದಲ್ಲಿ ತಜ್ವೀದ್ ಕಲಿತವನಿಗೆ ಆ ಮಾತು ಬೇಗ ಅರ್ಥವಾಗಬೇಕಿತ್ತು. ಆದರೆ ನಾನೂ ಎಲ್ಲರಂತೆ, ದೊಡ್ಡ ಸೆಟ್ ತಂದರೆ ಸರಿಹೋಗಬಹುದು ಎಂದುಕೊಂಡೆ. ಸಂಬಳದಲ್ಲಿ ಉಳಿಸಿದ 8,000 ರೂಪಾಯಿ ಕೈಯಲ್ಲಿತ್ತು. ಆಳಂದದಲ್ಲಿ ಆರಂಭಿಸಿದ ಹುಡುಕಾಟ ನನ್ನನ್ನು ಅಫಜಲಪುರ ಮತ್ತು ಜೇವರ್ಗಿಯ ತನಕ ಕರೆದೊಯ್ದಿತು.

ಆಳಂದ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಲಾಡ್ಲೆ ಮಶಾಕರ ದರ್ಗಾ. ಉರೂಸಿನ ದಿನಗಳಲ್ಲಿ ಕಲಬುರಗಿ ಜಿಲ್ಲೆಯಿಂದಷ್ಟೇ ಅಲ್ಲ, ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಉಳಿದ ದಿನಗಳಲ್ಲಿ ಇದು ತೊಗರಿ ಬೆಳೆಯುವವರ ಸಾಧಾರಣ ಊರು. ಸುಗ್ಗಿಯ ಹಣ ಕೈಸೇರಿದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೂ ವ್ಯಾಪಾರ.

ನಾನು ಹೋದ ಅಂಗಡಿಯ ಹುಡುಗ ಸೊಂಟದೆತ್ತರದ ಒಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಅದರಲ್ಲಿ ಕೆಂಪು ನೀಲಿ ದೀಪಗಳು ಕುಣಿಯುತ್ತಿದ್ದವು. "ಇದು ಹತ್ತು ಸಾವಿರ ವ್ಯಾಟ್ ಅದರಿ ಸರ್. ಹಚ್ಚಿದ್ರ ಇಡೀ ಓಣಿಗೆ ಕೇಳ್ತದ" ಎಂದ.

"ನಮಗ ಓಣಿಗೆ ಬ್ಯಾಡಪ್ಪ, ಒಂದು ಕೋಣಿಗೆ ಸಾಕು" ಎಂದೆ. ಹುಡುಗ ನಕ್ಕ. ಆದರೆ ಕೋಣೆಗೆ ಬೇಕಾದದ್ದು ಅವನ ಬಳಿ ಇರಲಿಲ್ಲ.

ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿ ಆ ಹತ್ತು ಸಾವಿರದ ಮುಂದೆ ಪಿಎಂಪಿಒ ಎಂದು ಬರೆದಿತ್ತು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಯಂತ್ರ ಉಗುಳಬಹುದಾದ ಅತಿ ಹೆಚ್ಚಿನ ಶಕ್ತಿಗೆ ತಯಾರಕರು ಇಟ್ಟುಕೊಂಡ ಹೆಸರು ಅದು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಸತತವಾಗಿ ಕೊಡುವ ಶಕ್ತಿಯನ್ನು ತಿಳಿಸುವುದು ಆರ್‌ಎಂಎಸ್ ಎಂಬ ಲೆಕ್ಕ. ಚೀಟಿಯಲ್ಲಿ ಅದಿಲ್ಲವಾದರೆ ಮೇಲಿನ ದೊಡ್ಡ ಅಂಕೆಯನ್ನು ನಂಬಬೇಕಾಗಿಲ್ಲ. ಒಂದು ಕೋಣೆಯಲ್ಲಿ ಮಾತಿನಷ್ಟು ಎತ್ತರದಲ್ಲಿ ಕೇಳಲು ಒಳ್ಳೆಯ ಸ್ಪೀಕರಿಗೆ ನಿಜವಾದ ಒಂದು ವ್ಯಾಟ್ ಕೂಡ ಪೂರ್ತಿ ಬೇಕಾಗುವುದಿಲ್ಲ.

ಮೊಬೈಲಿನಿಂದ ಸೂರಃ ಅನ್ನಾಸ್ ಹಚ್ಚಿಸಿದೆ. ಅದರ 6 ಆಯತ್‌ಗಳೂ ಸೀನ್ ಅಕ್ಷರದಲ್ಲೇ ಮುಗಿಯುತ್ತವೆ. ತಜ್ವೀದಿನಲ್ಲಿ ಸ್ವಾದ್, ಸೀನ್, ಝಾ ಈ ಮೂರಕ್ಕೆ ಸಫೀರ್‌ನ ಅಕ್ಷರಗಳು ಎನ್ನುತ್ತಾರೆ. ಸಫೀರ್ ಎಂದರೆ ಸಿಳ್ಳು. ಹಲ್ಲಿನ ಸಂದಿಯಿಂದ ಗಾಳಿ ಸಿಳ್ಳಿನಂತೆ ಹೊರಟರೆ ಮಾತ್ರ ಸೀನ್ ಸೀನ್ ಆಗುತ್ತದೆ. ಆ ಪೆಟ್ಟಿಗೆಯಲ್ಲಿ ಕಾರಿಯವರ ಧ್ವನಿ ಬಾವಿಯೊಳಗಿಂದ ಬಂದಂತೆ ಗುಂಯ್ಗುಡುತ್ತಿತ್ತು. ಸಿಳ್ಳು ಎಲ್ಲಿಯೂ ಕೇಳಿಸಲಿಲ್ಲ. ಅಮ್ಮಿಯ ಮಾತು ಅಲ್ಲಿ ನನಗೆ ತಿಳಿಯಿತು.

ಮುಂದಿನ ಭಾನುವಾರ ಅಫಜಲಪುರಕ್ಕೆ ಹೊರಟೆ. ಆ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯೊಂದಕ್ಕೆ ತಂಗಿಯನ್ನು ಕೊಟ್ಟಿದ್ದೇವೆ. ಅವಳ ಪರಿಚಯದ ಮೆಕ್ಯಾನಿಕ್ ಒಬ್ಬರು ಅಫಜಲಪುರದಲ್ಲಿ ಆಂಪ್ಲಿಫೈಯರ್ ಕಟ್ಟಿಕೊಡುತ್ತಾರೆಂದು ಅವಳೇ ಹೇಳಿದ್ದಳು. ಕಲಬುರಗಿಯಲ್ಲಿ ಬಸ್ ಬದಲಿಸಿದೆ. ಚೌಡಾಪುರದಲ್ಲಿ ಅರ್ಧ ಬಸ್ ಖಾಲಿಯಾಯಿತು. ಅವರೆಲ್ಲ ದೇವಲ ಗಾಣಗಾಪುರದ ದತ್ತಾತ್ರೇಯ ಸನ್ನಿಧಿಗೆ ಹೋಗುವವರು. ನಮ್ಮ ಆಳಂದ ತಾಲ್ಲೂಕಿನ ಅಮರ್ಜಾ ಹೊಳೆ ಭೀಮೆಯನ್ನು ಸೇರುವುದು ಅಲ್ಲಿಯೇ.

ಮೆಕ್ಯಾನಿಕ್ ಕಾಕಾ ಅವರದು ಬಾಗಿಲಿಗಿಂತ ಸ್ವಲ್ಪ ಅಗಲವಾದ ಅಂಗಡಿ. ಮೂಲೆಯಲ್ಲಿ ಉಬ್ಬಿ ಬಾಯಿಬಿಟ್ಟ ಸ್ಪೀಕರ್ ಪೆಟ್ಟಿಗೆಗಳ ರಾಶಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಊರುಗಳಿಗೆ ನುಗ್ಗಿದಾಗ ನೀರು ಕುಡಿದವು ಅವು. ತಂಗಿಯ ಮನೆಯ ಹೋಮ್ ಥಿಯೇಟರ್ ಕೂಡ ಅಂದೇ ಹಾಳಾಗಿತ್ತು. ಮರದ ಪುಡಿ ಒತ್ತಿ ಮಾಡಿದ ಹಲಗೆ ನೀರು ಹೀರಿದರೆ ಬಿಸ್ಕತ್ತಿನಂತೆ ಉಬ್ಬುತ್ತದೆ. ಮಳೆಗಾಲದಲ್ಲಿ ತೇವ ಏರುವ ನೆಲದ ಮೇಲೆ ನೇರವಾಗಿ ಪೆಟ್ಟಿಗೆ ಇಟ್ಟರೂ ಕ್ರಮೇಣ ಅದೇ ಗತಿ.

ಕಾಕಾ ಒಂದು ಪೆಟ್ಟಿಗೆಯ ಮುಂಭಾಗದ ಬಟ್ಟೆಯನ್ನು ಕಿತ್ತು ತೋರಿಸಿದರು. ಹೊರಗಿನಿಂದ ಮೂರು ಸ್ಪೀಕರ್ ಕಾಣುತ್ತಿದ್ದವು. ಒಳಗೆ ಕೆಲಸ ಮಾಡುತ್ತಿದ್ದದ್ದು ಒಂದೇ.

"ಇವೆರಡು ಬರೇ ಮುಖವಾಡ ನೋಡ್ರಿ ಮಾಸ್ತರ. ವಾಯರೇ ಇಲ್ಲ" ಎಂದರು.

"ಮತ್ತ ಹರ್ಫ್ ಸ್ಪಷ್ಟ ಕೇಳಬೇಕಂದ್ರ ಏನು ಬೇಕು ಕಾಕಾ?" ಎಂದು ಕೇಳಿದೆ.

"ಟ್ವೀಟರ್ ಖರೇ ಇರಬೇಕ್ರಿ. ದೊಡ್ಡ ಸ್ಪೀಕರ್ ದಪ್ಪ ದನಿ ಹೇಳ್ತದ, ಸಣ್ಣ ದನಿ ಹೇಳೂದು ಟ್ವೀಟರ್."

ಅವರ ಮಾತಿನ ಹಿಂದಿನ ವಿಜ್ಞಾನ ಇಷ್ಟೇ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್ ತನಕದ ಕಂಪನಗಳನ್ನು ಕೇಳಬಲ್ಲದು. ಸ್ವರಗಳ ಬಲವೆಲ್ಲ ಕೆಳಗಿನ ಭಾಗದಲ್ಲಿದ್ದರೆ, ಸ, ಫದಂತಹ ಅಕ್ಷರಗಳ ಗುರುತು ಹೆಚ್ಚಾಗಿ 4,000 ಹರ್ಟ್ಸ್‌ನ ಆಚೆ ಇರುತ್ತದೆ. ಹಳೆಯ ದೂರವಾಣಿ ಕಳಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್ ಮಾತ್ರ. ಆದ್ದರಿಂದಲೇ ಅದರಲ್ಲಿ ಹೆಸರು ಹೇಳುವಾಗ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಬೇಕಾಗುತ್ತಿತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಕಂಪನಗಳನ್ನೇ. ಹೀಗಿರುವಾಗ ಅವನ್ನು ಕೊಡಲಾರದ ಯಂತ್ರ ತಂದು ಆವಾಜ್ ಏರಿಸಿದರೆ, ವೃದ್ಧರ ಕಿವಿಗೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ.

ಕಾಕಾ ಬಳಿ ಯಾರೋ ಮಾರಿಹೋದ ಒಂದು ಜೊತೆ ಚಿಕ್ಕ ಸ್ಪೀಕರ್‌ಗಳಿದ್ದವು. ಪ್ರತಿಯೊಂದರಲ್ಲೂ 5 ಇಂಚಿನ ಒಂದು ವೂಫರ್, 1 ಇಂಚಿನ ಒಂದು ಟ್ವೀಟರ್. ಬೆಲೆ 4,200 ರೂಪಾಯಿ. ಟಿಡಿಎ 2030 ಎಂಬ ಎರಡು ಐಸಿ ಮತ್ತು ತೂಕದ ಟ್ರಾನ್ಸ್‌ಫಾರ್ಮರ್ ಹಾಕಿ ಆಂಪ್ಲಿಫೈಯರ್ ಕಟ್ಟಿಕೊಡಲು 2,600 ಕೇಳಿದರು. ಪೆನ್‌ಡ್ರೈವ್ ಮತ್ತು ಬ್ಲೂಟೂತ್ ಇರುವ ಸಣ್ಣ ಬೋರ್ಡಿಗೆ 250. ವೈರಿಗೆ 300. ಒಟ್ಟು 7,350. ಸ್ಪೀಕರಿನ ಹಿಂದೆ 8 ಓಮ್ ಎಂದು ಬರೆದಿರುವುದನ್ನು ತೋರಿಸಿ, "ಆಂಪ್ಲಿಫೈಯರ್ ತಡೆಯೂದಕ್ಕಿಂತ ಕಡಿಮಿ ಓಮ್ ಹಚ್ಚಬ್ಯಾಡ್ರಿ, ಸುಟ್ಟು ಹೋಗ್ತದ" ಎಂದು ಎಚ್ಚರಿಸಿದರು.

ಅಂಗಡಿಯಲ್ಲಿ ಸೂರಃ ಅನ್ನಾಸ್ ಕೇಳಿದಾಗ ಪ್ರತಿ ಆಯತ್‌ನ ಕೊನೆಯ ಸೀನ್ ನೂಲಿನಂತೆ ಸ್ಪಷ್ಟವಾಗಿತ್ತು. ಮನೆಗೆ ತಂದು ಹಚ್ಚಿದಾಗ ಆ ಸ್ಪಷ್ಟತೆ ಅರ್ಧವಾಯಿತು. ಅಮ್ಮಿ ಮೌನವಾಗಿ ಕೇಳಿ, "ಚೆನ್ನಾಗಿದೆ ಬೇಟಾ" ಎಂದರು. ನನ್ನ ಮನಸ್ಸು ನೋಯಬಾರದೆಂದು ಹೇಳಿದ ಮಾತೆಂದು ಅವರ ಮುಖವೇ ಹೇಳುತ್ತಿತ್ತು.

ಜೇವರ್ಗಿಯಲ್ಲಿ ನನ್ನೊಡನೆ ಹಿಂದೆ ಕೆಲಸ ಮಾಡಿದ ನಿವೃತ್ತ ಮುಖ್ಯೋಪಾಧ್ಯಾಯರಿದ್ದಾರೆ. ತತ್ವಪದಗಳ ಧ್ವನಿಮುದ್ರಿಕೆ ಕೂಡಿಡುವುದು ಅವರ ಹವ್ಯಾಸ. ಅವರನ್ನು ಕೇಳೋಣವೆಂದು ಮುಂದಿನ ವಾರ ಆ ಕಡೆ ಹೋದೆ. ಫರಹತಾಬಾದ್ ದಾಟಿ ಕಟ್ಟಿಸಂಗಾವಿಯ ಸೇತುವೆಗೆ ಬಂದರೆ ಕೆಳಗೆ ಅದೇ ಭೀಮೆ, ನಮ್ಮ ಅಮರ್ಜೆಯ ನೀರನ್ನೂ ಹೊತ್ತುಕೊಂಡು.

"ಬರ್ರಿ ಮಾಸ್ತರ, ಕುಂದ್ರಿ" ಎಂದು ಒಳಗೆ ಕರೆದ ಅವರು ಮೊದಲು ಚಹಾ ಕೊಟ್ಟರು. ಅನಂತರ ಒಂದು ತತ್ವಪದ ಹಚ್ಚಿದರು. ಈ ಸೀಮೆಗೆ ತತ್ವಪದ ಹೊಸದಲ್ಲ. ಮೊದಲು ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದ ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಒಬ್ಬರು. ಗುರು ಶರಣರು, ಶಿಷ್ಯ ಮುಸಲ್ಮಾನರು, ಪದಗಳು ಇಬ್ಬರವೂ ಕನ್ನಡದವು. ಸಂಗೀತದ ಕುರಿತು ಉಲಮಾಗಳಲ್ಲಿರುವ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ. ಏಕತಾರಿ, ದಮ್ಮಡಿಯ ನಡುವೆಯೂ ಪದದ ಒಂದು ಅಕ್ಷರವೂ ಕಳೆದುಹೋಗದಿದ್ದದ್ದು ನನ್ನನ್ನು ಬೆರಗುಗೊಳಿಸಿತು.

ನನ್ನ ಸಮಸ್ಯೆ ಕೇಳಿ ಅವರು, "ಅಮ್ಮಾರ ಕೋಣ್ಯಾಗ ನೆಲಕ್ಕ ಏನದ?" ಎಂದರು.

"ಶಹಾಬಾದ್ ಫರಸಿ ಸರ್."

"ಗ್ವಾಡಿಗೆ?"

"ಏನಿಲ್ಲ."

"ಸ್ಪೀಕರ್ ಎಲ್ಲಿಟ್ಟೀರಿ?"

"ಮೂಲಿ ಗೂಡಿನ್ಯಾಗ."

ಅವರು ನಕ್ಕು ಎದ್ದು ತಮ್ಮ ಕೋಣೆ ತೋರಿಸಿದರು. ನೆಲದ ಮೇಲೆ ದಪ್ಪ ಜಮಖಾನೆ. ಸ್ಪೀಕರಿನ ಎದುರು ಗೋಡೆಗೆ ಒಂದು ಹಳೆಯ ಕೌದಿ ತೂಗುಹಾಕಿದ್ದರು. ಎರಡು ಸ್ಟೂಲಿನ ಮೇಲೆ, ಕುಳಿತವರ ಕಿವಿಯ ಎತ್ತರಕ್ಕೆ, ಗೋಡೆಯಿಂದ ಒಂದು ಮೊಳ ಮುಂದಕ್ಕೆ ಸ್ಪೀಕರ್‌ಗಳಿದ್ದವು. ನಮ್ಮ ಜಿಲ್ಲೆಯ ಮನೆಗಳಲ್ಲಿ ಎಲ್ಲೆಡೆ ಇರುವ ಈ ಫರಸಿ ಕಲ್ಲು ಬೇಸಿಗೆಗೆ ತಂಪು. ಆದರೆ ಬಿದ್ದ ಧ್ವನಿಯನ್ನು ಅದು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಒಂದು ಅಕ್ಷರದ ಪ್ರತಿಧ್ವನಿ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಮೂಲೆಯಲ್ಲಿ, ಗೂಡಿನಲ್ಲಿ ಇಟ್ಟರಂತೂ ದಪ್ಪ ದನಿ ಇನ್ನಷ್ಟು ಉಬ್ಬುತ್ತದೆ. ಬರಿಗೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಅದು ಝಣ್ ಎಂದು ಉಳಿದರೆ ತಪ್ಪು ಕೋಣೆಯದ್ದು, ಯಂತ್ರದ್ದಲ್ಲ.

ಆ ರಾತ್ರಿಯೇ ಮನೆಯಲ್ಲಿ ಜಮಖಾನೆ ಹಾಸಿದೆವು. ಅಮ್ಮಿಯೇ ಹಿಂದೆ ಹೊಲಿದ ಕೌದಿಯನ್ನು ಗೋಡೆಗೆ ತೂಗುಹಾಕಿದೆವು. ಸ್ಪೀಕರನ್ನು ಗೂಡಿನಿಂದ ಇಳಿಸಿ ಸ್ಟೂಲಿನ ಮೇಲೆ, ಅವರ ಮಂಚದ ಕಡೆ ಮುಖಮಾಡಿ ಇಟ್ಟೆವು. ಬಾಸ್ ಗುಂಡಿಯನ್ನು ತಗ್ಗಿಸಿದೆವು.

ಫಜ್ರ್ ಬಳಿಕ ಈಜಿಪ್ಟಿನ ಕಾರಿ ಮಹಮೂದ್ ಖಲೀಲ್ ಅಲ್ ಹುಸರಿಯವರ ಪಾರಾಯಣ ಹಚ್ಚಿದೆ. 1961ರಲ್ಲಿ ಸಂಪೂರ್ಣ ಕುರ್‌ಆನನ್ನು ಧ್ವನಿಮುದ್ರಿಸಿದವರು ಅವರು. ಆ ಕಾಲದ ಧ್ವನಿಮುದ್ರಣ ಒಂದೇ ದಾರಿಯದು, ಅಂದರೆ ಮೋನೊ. ಅದಕ್ಕೆ ಐದು ಸ್ಪೀಕರ್ ಸುತ್ತಲೂ ಇಟ್ಟರೂ ಹೊಸದಾಗಿ ಏನೂ ಸೇರುವುದಿಲ್ಲ, ಒಳ್ಳೆಯದೊಂದಿದ್ದರೆ ಸಾಕು. ಮೊದಲು ಸೂರಃ ಇಖ್ಲಾಸ್. ಅದರ ನಾಲ್ಕೂ ಆಯತ್‌ಗಳು ದಾಲ್‌ನಿಂದ ಮುಗಿಯುತ್ತವೆ. ಕಲ್ಕಲಾದ ಆ ಚಿಕ್ಕ ಪುಟಿತ ಪುಟಿದು ನಿಂತಿತು, ಗುಂಯ್ಗುಡಲಿಲ್ಲ. ಅನಂತರ ಸೂರಃ ಅನ್ನಾಸ್.

ಅಮ್ಮಿಯ ತುಟಿಗಳು ಕಾರಿಯವರೊಡನೆ ಅಲುಗತೊಡಗಿದವು. ಕೊನೆಗೆ, "ಈಗ ಸೀನ್ ಬಂತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಣ್ಣಿನ ಹಾಗೆ ಕಿವಿಯೂ ಹೋಯಿತು ಅಂದುಕೊಂಡಿದ್ದೆ ಬೇಟಾ. ನಿಮಗೆ ಹೇಳಿರಲಿಲ್ಲ" ಎಂದರು.

ಎರಡು ತಿಂಗಳು ಅವರು ಈ ಭಯವನ್ನು ಒಬ್ಬರೇ ಹೊತ್ತುಕೊಂಡಿದ್ದರು. ನಾವು ಮಾತ್ರ ಗುಂಡಿ ತಿರುಗಿಸುತ್ತಾ, "ಈಗ ಕೇಳಿಸ್ತಾ, ಈಗ ಕೇಳಿಸ್ತಾ?" ಎನ್ನುತ್ತಿದ್ದೆವು. ಮುಂದಿನ ವಾರ ಕಲಬುರಗಿಯಲ್ಲಿ ಅವರ ಕಿವಿ ಪರೀಕ್ಷೆ ಮಾಡಿಸಿದೆವು. ವಯಸ್ಸಿಗೆ ಸಹಜವಾದಷ್ಟು ಕಡಿಮೆಯಾಗಿದೆ, ಗಾಬರಿ ಬೇಡ ಎಂದರು ವೈದ್ಯರು. ಈ ಪರೀಕ್ಷೆ ಮೊದಲೇ ಆಗಬೇಕಿತ್ತು.

ಮನೆಗೆ ಸೌಂಡ್ ಸೆಟ್ ಕೊಳ್ಳಬೇಕೆಂದಿರುವ ಸಹೋದರ ಸಹೋದರಿಯರಿಗೆ ನನ್ನ ವಿನಂತಿ ಇಷ್ಟೇ. ಅಂಗಡಿಯವರ ಹಾಡಿನಿಂದ ಪರೀಕ್ಷಿಸಬೇಡಿ, ನಿಮಗೆ ಅಕ್ಷರ ಅಕ್ಷರ ಗೊತ್ತಿರುವುದನ್ನು ಹಚ್ಚಿ ಕೇಳಿ. ಹಣದಲ್ಲಿ ಹೆಚ್ಚಿನ ಪಾಲು ಸ್ಪೀಕರಿಗೆ ಹೋಗಲಿ. ದೀಪಗಳಿಗೂ ದೊಡ್ಡ ಅಂಕೆಗಳಿಗೂ ಕೊಡುವ ಹಣ ಇಸ್ರಾಫ್. ಮನೆಯಲ್ಲಿರುವ ಕೌದಿ, ಜಮಖಾನೆಗಳನ್ನು ಮೊದಲು ಬಳಸಿ. ಯಾರಿಗಾಗಿ ತರುತ್ತೀರೋ ಅವರನ್ನು ಕೂರಿಸಿ ಕೇಳಿಸಿ, ಅವರು "ಚೆನ್ನಾಗಿದೆ" ಎಂದಾಗ ಮುಖವನ್ನೂ ನೋಡಿ.

ಉಳಿದ 650 ರೂಪಾಯಿಯನ್ನು ಅಮ್ಮಿಯ ಕೈಗೆ ಕೊಟ್ಟೆ. ಅದರಲ್ಲಿ ಒಂದಿಷ್ಟನ್ನು ಅವರು ಸ್ಪೀಕರ್ ತಂದ ಮೊಮ್ಮಗನಿಗೇ ಕೊಟ್ಟರು. ಅವನ ಬ್ಲೂಟೂತ್ ಸ್ಪೀಕರ್ ಈಗ ಅಡುಗೆಮನೆಯಲ್ಲಿದೆ.