ಕಾಡುಪಾರಿವಾಳದ ಬಯಲು

ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫೋಕ್ ಪ್ರಾಂತದ ಬಯಲು ಜನವರಿಯ ಕೊರೆಯುವ ಚಳಿಯಲ್ಲಿಯೂ ಹಸುರಾಗಿ ಕಾಣುತ್ತದೆ. ಅದು ಸಾಸಿವೆಯ ಬಳಗಕ್ಕೆ ಸೇರಿದ ರೇಪ್ ಎಂಬ ಎಣ್ಣೆಬೀಜದ ಎಳೆಯ ಪೈರು. 1970ರ ದಶಕದಿಂದೀಚೆಗೆ ಹಬ್ಬಿದ ಬೆಳೆ. ಬೇರೆ ಮೇವು ಕಾಣದ ಕಾಡುಪಾರಿವಾಳಗಳಿಗೆ ಅದೇ ಅನ್ನಛತ್ರ. ಗುಡಿಗೋಪುರಗಳ ಪಾರಿವಾಳಕ್ಕಿಂತ ದಪ್ಪನಾದ, ಕತ್ತಿನಲ್ಲಿ ಬಿಳಿಯ ಮಚ್ಚೆಯುಳ್ಳ ಈ ಹಕ್ಕಿ ಸುಮಾರು ಅರ್ಧ ಕಿಲೋ ತೂಗುತ್ತದೆ. ನೂರಾರು ಒಟ್ಟಿಗೆ ಇಳಿದರೆ ಎಲೆ ಹೋಗಿ ದಂಟು ಉಳಿಯುತ್ತದೆ.

ಬೇಟೆಗಾರ ಬೇಲಿಯ ಬದಿಯಲ್ಲಿ ಬಲೆಯ ಮರೆ ಕಟ್ಟಿ, ಎದುರಿಗೆ ಪ್ಲಾಸ್ಟಿಕ್ ಪಾರಿವಾಳಗಳನ್ನು ಗಾಳಿಗೆ ಮುಖಮಾಡಿ ನಿಲ್ಲಿಸುತ್ತಾನೆ. ಬಂಧುಗಳೆಂದು ನಂಬಿ ಇಳಿಯುವ ಹಕ್ಕಿ ಕೋವಿಗೆ ಬಲಿಯಾಗುತ್ತದೆ. ಮೋಸವೆನ್ನಬಹುದು, ಪೈರು ಕಳೆದುಕೊಂಡ ರೈತನೆದುರು ಹಾಗೆನ್ನುವುದು ಕಷ್ಟ. 2019ರ ಏಪ್ರಿಲ್‌ನಲ್ಲಿ ಪಕ್ಷಿಪ್ರಿಯರ ಆಕ್ಷೇಪದಿಂದ ಸಾಮಾನ್ಯ ಪರವಾನಗಿ ರದ್ದಾದಾಗ ಹಳ್ಳಿಗಳು ತಳಮಳಿಸಿದವು. ಕೆಲವೇ ವಾರಗಳಲ್ಲಿ ಹೊಸದು ಬಂದಿತು. ಸತ್ತವು ಅಡಿಗೆಮನೆ ಸೇರುತ್ತವೆ. ಉಳಿದವು ನೆರೆಯ ಹೊಲಕ್ಕೆ ಹಾರುತ್ತವೆ. ಅಲ್ಲಿಯೂ ಒಬ್ಬನು ಕಾದಿರದಿದ್ದರೆ ಸಂಜೆಯೊಳಗೆ ಹಿಂಡು ಮರಳಿ ಇಲ್ಲಿಯೇ.