ಎತ್ತುವದು ಬೇರೆ, ನಿಲ್ಲಿಸುವದು ಬೇರೆ

ಮನೆಯಲ್ಲಿ ಎತ್ತು ಕಟ್ಟಿದವನು ಅದರ ಗೊರಸನ್ನೂ ಹೆಗಲನ್ನೂ ದಿನಾಲು ತಡವಿ ನೋಡಬೇಕೆಂಬದು ನಮ್ಮ ಒಕ್ಕಲುಮಕ್ಕಳಿಗೆ ಕಲಿಸಿಕೊಡಬೇಕಾದ ಮಾತಲ್ಲ. ಆದರೆ ಅದೇ ಅಂಗಳದಲ್ಲಿ ನಿಂತಿರುವ ಮೋಟಾರ ಸೈಕಲ್ಲನ್ನು ಹಾಗೆ ತಡವಿ ನೋಡುವವರು ವಿರಳ. ಅದು ಮೇಯುವದಿಲ್ಲ, ಕೂಗುವದಿಲ್ಲ. ಆದುದರಿಂದ ಅದಕ್ಕೆ ಬೇನೆಯೂ ಇಲ್ಲವೆಂದು ಜನರು ಬಗೆಯುವರು.

ಧಾರವಾಡ ಜಿಲ್ಲೆಯ ನಮ್ಮ ಶಲವಡಿಯ ಸುತ್ತಲಿನದು ಎರೆಭೂಮಿ. ಮಳೆಗಾಲದಲ್ಲಿ ಈ ಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುವದು. ಬೇಸಗೆಯಲ್ಲಿ ಧೂಳಾಗಿ ಚೈನಿನ ಎಣ್ಣೆಯೊಡನೆ ಬೆರೆತು ಅರದಂತೆ ಹಲ್ಲುಗಳನ್ನು ತೇಯುವದು. ಕಾರಣ ಚೈನನ್ನು ಮೇಲಿಂದ ಮೇಲೆ ಒರಸಿ ಎಣ್ಣೆ ಬಿಡುವದು ಇಲ್ಲಿ ಅವಶ್ಯವೇ ಸರಿ. ಅದಕ್ಕೆ ಹಿಂದಿನ ಗಾಲಿಯು ನೆಲ ಬಿಟ್ಟು ಸರಾಗವಾಗಿ ತಿರುಗಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು 1961ರಲ್ಲಿ ಬಂಡಿಗಳನ್ನು ಮಾಡತೊಡಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಯೆಜ್ದಿಯ ಮೇಲೆ ನಾವು ಬಹು ವರ್ಷ ಶಾಲೆಗೆ ಹೋಗಿ ಬಂದೆವು. ಅದಕ್ಕೆ ನಡುವಿನ ಸ್ಟ್ಯಾಂಡು ಇದ್ದಿತು. ಕಾಲಿನಿಂದ ಒತ್ತಿದರೆ ಗಾಲಿ ಮೇಲೇಳುತ್ತಿತ್ತು. ನಮ್ಮ ಮಗನು ತಂದಿರುವ ಬಂಡಿಗೆ, ಈಗಿನ ಅನೇಕ ಬಂಡಿಗಳಂತೆ, ಪಕ್ಕದ ಸ್ಟ್ಯಾಂಡು ಮಾತ್ರ. ಇಂಥವುಗಳನ್ನು ಇಟ್ಟಿಗೆ, ಕಲ್ಲು, ಕಟ್ಟಿಗೆಯ ತುಂಡುಗಳನ್ನು ಕೊಟ್ಟು ಎತ್ತುವ ಸಾಹಸವನ್ನು ಓಣಿಗಳಲ್ಲಿ ಕಾಣುತ್ತೇವೆ. ನಮ್ಮ ಕೈಯಲ್ಲಿ ಓದಿದ ಒಬ್ಬ ಹುಡುಗನು, ಈಗ ಎರಡು ಮಕ್ಕಳ ತಂದೆ, ಹೀಗೆಯೇ ಗಾಲಿ ಬಿಚ್ಚುತ್ತಿರಲು ಇಟ್ಟಿಗೆ ಒಡೆದು ಬಂಡಿ ವಾಲಿತು. ಬಲಗೈಯ ಎರಡು ಬೆರಳುಗಳು ಉಳಿದುವಾದರೂ ಇಂದಿಗೂ ಮಡಿಯುವದಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಅವನ ಹೆಂಡತಿಯೇ ಅವನ ಸಾಲನ್ನೂ ಹಿಡಿಯುತ್ತಾಳೆ.

ಅದನ್ನು ಕಂಡ ಮೇಲೆ ಮಗನಿಗೆ ಹೇಳಿ ಹುಬ್ಬಳ್ಳಿಯಿಂದ ತಿರುಪಿನ ಜ್ಯಾಕೊಂದನ್ನು ತರಿಸಿದೆವು. ಕತ್ತರಿಯಂತೆ ಹೆಣೆದ ಉಕ್ಕಿನ ತೋಳುಗಳು, ಮೇಲೆ ರಬ್ಬರು ಹಾಸಿದ ಹಲಗೆ, ನಡುವೆ ಹಾಯ್ದ ಒಂದು ತಿರುಪು. ಇಷ್ಟೇ ಅದರ ಶರೀರ. ಅದರ ಬಲದ ಗುಟ್ಟನ್ನು ಲೀಲಾವತಿಯ ಲೆಕ್ಕದಿಂದಲೇ ತಿಳಿಯಬಹುದು. ವ್ಯಾಸದಿಂದ ಪರಿಧಿಯನ್ನು ತೆಗೆಯಲು 12ನೆಯ ಶತಮಾನದ ಭಾಸ್ಕರಾಚಾರ್ಯರು ಸೂಕ್ಷ್ಮಕ್ಕೆ 3927/1250 ಎಂತಲೂ ವ್ಯವಹಾರಕ್ಕೆ 22/7 ಎಂತಲೂ ಹೇಳಿದ್ದಾರೆ. ಹಿಡಿಕೆಯ ಉದ್ದವು 21 ಸೆಂಟಿಮೀಟರ ಇದ್ದರೆ ಕೈಯು ಒಂದು ಸುತ್ತಿಗೆ 132 ಸೆಂಟಿಮೀಟರ ನಡೆಯುವದು. ಅಷ್ಟರಲ್ಲಿ ತಿರುಪು ಮುಂದುವರಿಯುವದು 4 ಮಿಲಿಮೀಟರ ಎಂದಿಟ್ಟುಕೊಂಡರೆ ಬಲವು 330 ಪಟ್ಟಾಯಿತು. ಇದರಲ್ಲಿ ದೊಡ್ಡ ಪಾಲನ್ನು ತಿಕ್ಕಾಟವು ನುಂಗುವದು, ನಿಜ. ಆದರೆ ಆ ನಷ್ಟವೇ ನಮ್ಮ ಕಾವಲುಗಾರ: ತಿಕ್ಕಾಟವಿರುವದರಿಂದಲೇ ಕೈ ಬಿಟ್ಟರೂ ತಿರುಪು ಹಿಂದಕ್ಕೆ ಸುತ್ತುವದಿಲ್ಲ. ಎಣ್ಣೆಯ ಒತ್ತಡದಿಂದ ಎತ್ತುವ ಜ್ಯಾಕುಗಳಲ್ಲಿ ಒಳಗಿನ ಎಣ್ಣೆ ಸೋರಿದರೆ ಭಾರವು ಮೆಲ್ಲಗೆ ಇಳಿಯುವದು. ಆದುದರಿಂದ ಅವುಗಳಿಗೆ ಅಡ್ಡಗೀಲು ಹಾಕದೆ ಕೆಲಸಕ್ಕೆ ಕೂಡ್ರಲಾಗದು.

ಇಲ್ಲಿಯೇ ನಾವು ಹೇಳಬೇಕಾದ ಮುಖ್ಯ ಮಾತು ಇದೆ. ಎತ್ತುವದು ಬೇರೆ, ನಿಲ್ಲಿಸುವದು ಬೇರೆ. ಜ್ಯಾಕು ಎತ್ತಿಕೊಡುವದು, ನಿಲ್ಲಿಸುವ ಹೊಣೆ ಮನುಷ್ಯನದು.

ಎರೆಮಣ್ಣಿನ ಮೇಲೆ ಜ್ಯಾಕು ಹೂಡಲೇಬಾರದು. ಒಣಗಿದಾಗ ಅದು ಬಿರಿಯುವದು, ಹಸಿಯಾದಾಗ ಕುಸಿಯುವದು. ಗಟ್ಟಿಯಾಗಿ ಕೂಡಿಸಿದ ಫರಸಿಯ ನೆಲವೇ ಯೋಗ್ಯ. ಬಿಗಿಯಾದ ನಟ್ಟುಗಳನ್ನು ಬಂಡಿಯು ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಬೇಕು. ಎತ್ತಿದ ಮೇಲೆ ಜಗ್ಗಾಡಿದರೆ ಬಂಡಿಯೇ ಅಲ್ಲಾಡುವದು. ಜ್ಯಾಕಿನ ಹಲಗೆಯು ಚೌಕಟ್ಟಿನ ಕೊಳವೆಗಳ ಕೆಳಗೆ ಬರಬೇಕು. ಹೊಗೆಕೊಳವೆಗಾಗಲಿ ಎಣ್ಣೆ ಇಳಿಸುವ ಬಿರಡೆಗಾಗಲಿ ತಗಲಬಾರದು. ಕೆಲವು ಬಂಡಿಗಳಲ್ಲಿ ಎಂಜಿನ್ನಿನ ಕೆಳಗೆ ಕೊಳವೆಯೇ ಇರುವದಿಲ್ಲ. ಅಂಥಲ್ಲಿ ಕೈಪಿಡಿಯನ್ನು ನೋಡದೆ ಕೈ ಹಾಕಬಾರದು. ಎತ್ತುವಾಗ ಒಬ್ಬರು ಹ್ಯಾಂಡಲು ಹಿಡಿದಿರಬೇಕು. ಮುಂದಿನ ಬ್ರೇಕನ್ನು ಪಟ್ಟಿಯಿಂದ ಬಿಗಿಯಬೇಕು. ಎರಡೂ ಮಗ್ಗಲು ಹಗ್ಗದ ಆಧಾರ ಕೊಡಬೇಕು. ಗಾಲಿಯು ನೆಲದಿಂದ ಎರಡು ಬೆರಳು ಎದ್ದರೆ ಸಾಕು. ಹಿಂದಿನ ಗಾಲಿಯನ್ನು ಕಳಚಿದರೆ ಬಂಡಿ ಮುಂದಕ್ಕೆ ಬಾಗುವದೆಂಬದನ್ನೂ, ಮುಂದಿನದನ್ನು ಕಳಚಿದರೆ ಹಿಂದಕ್ಕೆ ಕುಳಿತುಕೊಳ್ಳುವದೆಂಬದನ್ನೂ ಮೊದಲೇ ಎಣಿಸಿರಬೇಕು.

ಚೈನನ್ನು ಒರಸುವಾಗ ಎಂಜಿನ್ನು ನಿಂತಿರಲೇಬೇಕು. ಗಾಲಿಯನ್ನು ಕೈಯಿಂದ ತಿರುಗಿಸಬೇಕು. ಓಡುವ ಚೈನಿಗೆ ಅರಿವೆ ಹಿಡಿದವನ ಬೆರಳನ್ನು ಅರಿವೆಯೊಡನೆ ಹಲ್ಲುಗಾಲಿ ಎಳೆದುಕೊಳ್ಳುವದು. ಚೈನಿನ ಸಡಿಲನ್ನು ಕೈಪಿಡಿ ಹೇಳಿದ ಸ್ಥಿತಿಯಲ್ಲಿಯೇ ಅಳೆಯಬೇಕು. ಗಾಲಿ ಜೋತಿರುವಾಗಿನ ಅಳತೆಯೂ ನೆಲದ ಮೇಲಿನ ಅಳತೆಯೂ ಒಂದೇ ಆಗಿರುವದಿಲ್ಲ. ಬಂಡಿ ಮೇಲಿರುವಷ್ಟು ಹೊತ್ತು ಮಕ್ಕಳನ್ನು ಆ ಅಂಗಳಕ್ಕೆ ಬಿಡಬಾರದು. ಊಟಕ್ಕೆ ಕರೆ ಬಂದರೆ ಮೊದಲು ಬಂಡಿ ಇಳಿಸಿ, ಆಮೇಲೆ ಕೈ ತೊಳೆಯತಕ್ಕದ್ದು.

ಇಷ್ಟೆಲ್ಲ ಕಟ್ಟಳೆ ಏತಕ್ಕೆಂದು ನಮ್ಮ ಮಗನು ಮೊದಲು ನಕ್ಕನು. ಆಗ ನಾವು ವ್ಯಾಕರಣದ ಮೊರೆ ಹೊಕ್ಕೆವು. ಯಂತ್ರವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೂಲಾರ್ಥವು ಓಡಿಸುವದು, ಎತ್ತುವದು ಎಂದಲ್ಲ. ಕಟ್ಟಿ ಹಿಡಿಯುವದು, ನಿಯಮದಲ್ಲಿಡುವದು ಎಂದು. ಹಗ್ಗ ಬಿಗಿಯದೆ ಎತ್ತಿದ ಬಂಡಿಯಲ್ಲಿ ಬಲವಿರಬಹುದು, ಯಂತ್ರವಿಲ್ಲ. ಈ ಅರ್ಥವು ಅವನಿಗೆ ಎಷ್ಟು ರುಚಿಸಿತೋ ಹೇಳಲಾರೆವು. ಆದರೆ ಈಗ ಅವನು ಜ್ಯಾಕಿಗಿಂತ ಮೊದಲು ಹಗ್ಗವನ್ನು ಹೊರಗೆ ತರುತ್ತಾನೆ. ಮನೆಯ ದುಡಿಮೆಯೆಲ್ಲ ಹತ್ತು ಬೆರಳುಗಳ ಮೇಲೆ ನಿಂತಿರುವಲ್ಲಿ ಇದು ಸಣ್ಣ ಲಾಭವಲ್ಲ.